ಬನ್ನಿ ಎಂದಷ್ಟೇ ಅಚ್ಚು ಹಾಕಿದ ಅಕ್ಕ

ಪ್ರೆಸ್ಸಕ್ಕನ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳು ಚಪ್ಪಟೆಯಾಗಿದ್ದವು, ಯಾರೋ ಇಕ್ಕಳದಲ್ಲಿ ಹಿಡಿದು ಒತ್ತಿ ಬಿಟ್ಟ ಹಾಗೆ. ಆ ಜಾಗದಲ್ಲಿ ಚರ್ಮ ಕಪ್ಪಗೆ, ನುಣ್ಣಗೆ ಹೊಳೆಯುತ್ತಿತ್ತು. ಸೀಮೆಎಣ್ಣೆ, ಸೋಪಿನ ಪುಡಿ, ಹುಣಸೆಹಣ್ಣು ಯಾವುದಕ್ಕೂ ಆ ಮಸಿ ಬಗ್ಗಿರಲಿಲ್ಲ. ಸೀಸದ ಅಕ್ಷರಗಳನ್ನು, ಅಂದರೆ ಅಚ್ಚಿನ ಮೊಳೆಗಳನ್ನು, ಒಂದೊಂದಾಗಿ ಹೆಕ್ಕಿ ಸಾಲು ಜೋಡಿಸಿದ ಬೆರಳುಗಳು ಅವು. ಕಾಫಿ ಹಣ್ಣು ಕುಯ್ಯುವವರ ಬೆರಳು ನೋಡಿದ್ದೇನೆ, ಮೆಣಸಿನ ಗೊನೆ ಉಜ್ಜುವವರ ಬೆರಳೂ ನೋಡಿದ್ದೇನೆ. ಇಂಥ ಬೆರಳು ಇನ್ನೊಂದು ನೋಡಿಲ್ಲ.

ಕಳಸದ ಕಡೆ ಹೋಗುವ ರಸ್ತೆಯಲ್ಲಿರುವ ನಮ್ಮ ಪೇಟೆ ದೊಡ್ಡದೇನಲ್ಲ. ಬಸ್ಸು ನಿಲ್ಲುವ ಜಾಗದಿಂದ ಶುರುವಾಗಿ ಬಾಳೂರಿನ ಜೀಪುಗಳು ನಿಲ್ಲುವ ಜಾಗಕ್ಕೆ ಮುಗಿಯುತ್ತದೆ. ನಡುವೆ ಒಂದೇ ಸಾಲು ಅಂಗಡಿ. ಆ ಸಾಲಿನಲ್ಲಿ ನನ್ನದು ಕಾಫಿ ಪುಡಿಯ ಅಂಗಡಿ, ಪಕ್ಕದ್ದು ಅವರ ಪ್ರೆಸ್ಸು. ಮೊದಲು ಅವರ ಗಂಡ ನಡೆಸುತ್ತಿದ್ದರು. ಅವರು ತೀರಿಕೊಂಡ ಮೇಲೆ, ಮೊಳೆ ಜೋಡಿಸಲು ಕೂರುತ್ತಿದ್ದ ಹೆಂಡತಿಯೇ ಯಜಮಾನಿಯೂ ಆದರು. ಊರಿಗೆ ಪ್ರೆಸ್ಸಮ್ಮ, ನನಗೆ ಪ್ರೆಸ್ಸಕ್ಕ. ಅವರ ನಿಜ ಹೆಸರನ್ನು ಸುತ್ತಮುತ್ತ ಯಾರೂ ಬಳಸಿದ್ದು ನಾನು ಕೇಳಿಲ್ಲ.

ಅವರು ಯಾವ ಪೈಕಿ ಎಂದು ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ‘ಓ, ಹಾಗಾ’ ಅನ್ನುತ್ತೀರಿ. ಆ ‘ಓ, ಹಾಗಾ’ ಅವರಿಗೆ ಆಗುತ್ತಿರಲಿಲ್ಲ.

ಅಚ್ಚಿನ ಮನೆಯಲ್ಲಿ ಅಕ್ಷರಗಳೆಲ್ಲ ತಿರುಗುಮುರುಗು. ಹಾಗಾಗಿ ಅವರಿಗೆ ಕನ್ನಡಿಯೊಳಗಿನ ಕನ್ನಡ ನೇರ ಕನ್ನಡಕ್ಕಿಂತ ಬೇಗ ಓದಲು ಬರುತ್ತಿತ್ತು. ನನ್ನ ಅಂಗಡಿಗೆ ಬಂದರೆ, ಗಾಜಿನ ಬಾಗಿಲಿನ ಹೊರಮೈ ಮೇಲೆ ಬರೆಸಿದ್ದನ್ನು ಒಳಗಿನಿಂದ ಓದಿ, “ದೀರ್ಘ ನುಂಗಿದಾನೆ ನೋಡು ಮಾರಾಯ, ‘ತಾಜ ಕಾಫಿ’ ಅಂತೆ. ಎಂಥ ತಾಜ?” ಎನ್ನುತ್ತಿದ್ದರು. ಆ ದೀರ್ಘವನ್ನು ಸರಿಪಡಿಸುವವರೆಗೂ, ಅಂದರೆ ಸುಮಾರು ಒಂದೂವರೆ ವರ್ಷ, ಹೇಳಿದ್ದೇ ಹೇಳಿದ್ದು. ಜಗತ್ತಿನಲ್ಲಿ ಏನು ಬೇಕಾದರೂ ಕ್ಷಮಿಸಿಯಾರು, ಕಾಗುಣಿತ ತಪ್ಪಿದರೆ ಕ್ಷಮೆ ಇಲ್ಲ. ಮಹಾಪ್ರಾಣಕ್ಕೆ ಹೊಟ್ಟೆ ಸೀಳದೆ ಬರೆದುಕೊಂಡು ಬಂದವನು ಎಂಥ ದೊಡ್ಡ ಎಸ್ಟೇಟಿನ ಸಾಹುಕಾರನಾದರೂ ನಿಂತೇ ತಿದ್ದಿಸಿಕೊಂಡು ಹೋಗಬೇಕು.

ಅವರನ್ನು ಸಾಧ್ವಿ ಮಾಡಿ ಬರೆಯುವ ಆಸೆ ನನಗಿಲ್ಲ. ಟೀ ತರಿಸಿದರೆ ಮೂರು ಜನಕ್ಕೆ ಒಂದೂವರೆ ಗ್ಲಾಸು ತರಿಸುವವರು. ಯಾರ ಮನೆಯಲ್ಲಿ ಮದುವೆ ಮುರಿಯಿತು ಎಂಬುದು ಆ ಮನೆಯವರಿಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು, ಏಕೆಂದರೆ ಕಾರ್ಡು ಅವರ ಬಳಿ ಅರ್ಧ ಆಗಿರುತ್ತಿತ್ತು. ಅದನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳುವ ಅಭ್ಯಾಸವೂ ಇರಲಿಲ್ಲ.

ಮದುವೆ ಕಾರ್ಡೇ ಅವರ ಮುಖ್ಯ ಕಸುಬು. ಗೃಹಪ್ರವೇಶ, ನಾಮಕರಣ, ಉತ್ತರಕ್ರಿಯೆ, ಉರೂಸು, ಚರ್ಚಿನ ಹಬ್ಬ, ಶಾಲಾ ವಾರ್ಷಿಕೋತ್ಸವ ಎಲ್ಲವೂ ಅಲ್ಲೇ. ಕಾರ್ಡಿನ ತಲೆಯ ಮೇಲೆ ಒತ್ತುವ ದೇವರ ಬ್ಲಾಕುಗಳನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಟ್ಟಿದ್ದರು. ಶನಿವಾರ ಸೀಮೆಎಣ್ಣೆ ಬಟ್ಟಲು ಇಟ್ಟುಕೊಂಡು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದನ್ನೇ ತಿಕ್ಕುತ್ತಿದ್ದರು. “ಗಣಪತಿಗೆ ದುಡಿಮೆ ಜಾಸ್ತಿ. ಸೊಂಡ್ಲು ಸವೆದು ಇಲಿ ಬಾಲದ ಹಾಗಾಗಿದೆ. ಶಿಲುಬೆ ನೋಡು, ಹೊಸಾದ್ರ ಹಾಗೇ ಇದೆ. ವರ್ಷಕ್ಕೆ ಎರಡು ಮದ್ವೆ, ಪುಣ್ಯವಂತ” ಎಂದು ಅವುಗಳ ಕಷ್ಟಸುಖ ಹೇಳುತ್ತಿದ್ದರು.

ಅವರ ಅಚ್ಚಿನ ಮನೆಗೆ ಒಂದೇ ನಿಯಮ. ಏನು ಅಚ್ಚಾಗಬೇಕೋ ಅದನ್ನು ಬರೆದು, ಕೆಳಗೆ ಸಹಿ ಹಾಕಿ ಕೊಡಬೇಕು. ಬಾಯಲ್ಲಿ ಹೇಳಿದರೆ ಆಗದು, ಆಮೇಲೆ ಬಂದ ವಾಟ್ಸಾಪಿನಲ್ಲಿ ಕಳಿಸಿದರೂ ಆಗದು. “ನಾಳೆ ಅತ್ತಿಗೆ ಹೆಸ್ರು ಬಿಟ್ಟೋಯ್ತು ಅಂತ ನನ್ನ ಮೇಲೆ ಬರ್ತೀರಿ. ನಿಮ್ಮ ಮಾತು ನಿಮ್ದು ಅಂತ ನೀವು ಒಪ್ಪಿದ್ರೆ ನಾನು ಒತ್ತೋದು” ಎನ್ನುತ್ತಿದ್ದರು. ಸಹಿ ಹಾಕಿದ ಹಾಳೆಗಳನ್ನು ಗೋಡೆಯ ಮೇಲಿನ ಒಂದು ತಂತಿಗೆ ಚುಚ್ಚಿಡುತ್ತಿದ್ದರು.

ನನ್ನನ್ನು ಬರೆಯಲು ಹಚ್ಚಿದವರೂ ಅವರೇ. ಜಿಲ್ಲೆಯ ಪತ್ರಿಕೆಗೆ ಕಳಿಸಬೇಕೆಂದಿದ್ದ ನನ್ನ ಮೊದಲ ಲೇಖನವನ್ನು ಓದಿ, ಕೆಂಪು ಪೆನ್ನಿನಿಂದ ಹದಿನಾಲ್ಕು ಕಡೆ ‘ಬಹುಶಃ’ ಹೊಡೆದುಹಾಕಿದರು. “ನಿನ್ನ ವಾಕ್ಯಗಳೆಲ್ಲ ಹೆದರ್ಕೊಂಡು ಗೋಡೆ ಹಿಡ್ಕೊಂಡು ನಡೀತಾವೆ. ಒಂದಾದ್ರೂ ರಸ್ತೆ ನಡುವೆ ನಡೀಲಿ” ಎಂದರು. ನಾನು ಹುಟ್ಟಾ ಪುಕ್ಕಲ. ಗ್ರೈಂಡರಿನ ಶಬ್ದ ಕೊಂಚ ಬದಲಾದರೆ ಬೆಂಕಿ ಹತ್ತೀತು ಎಂದು, ಬದಲಾಗದಿದ್ದರೆ ಕಿವಿ ಕೆಟ್ಟಿರಬೇಕು ಎಂದು ಚಿಂತೆ ಮಾಡುವವನು. ಇವತ್ತಿಗೂ ಒಂದು ವಾಕ್ಯ ಬರೆದು ಮುಗಿಸಿದರೆ, ಅದರಲ್ಲಿ ‘ಬಹುಶಃ’ ಇದೆಯೇ ಎಂದು ಹುಡುಕಿ ತೆಗೆಯುತ್ತೇನೆ. ಬರವಣಿಗೆಯಲ್ಲಿ ತೆಗೆದೆ. ಬೇರೆ ಕಡೆ ಉಳಿದುಕೊಂಡಿತು.

ನಮ್ಮ ಕಡೆ ಹೊಸಬರು ಯಾರಾದರೂ ಬಂದರೆ ಊರು ಕೇಳುವ ಮೊದಲ ಪ್ರಶ್ನೆ, “ನಮ್ಮೋರಾ?” ಎಂಬುದು. ಇಲ್ಲಿ ನಮ್ಮೋರು ಅಂದರೆ ಏನೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಕೇಳುವವರು ಯಾವ ಪೈಕಿಯೋ ಆ ಪೈಕಿ. ಪ್ರೆಸ್ಸಕ್ಕನಿಗೆ ಮಾತ್ರ ಈ ಪದದ ಅರ್ಥ ಗೊತ್ತೇ ಇಲ್ಲವೋ, ಗೊತ್ತಿಲ್ಲದ ಹಾಗೆ ನಟಿಸುತ್ತಿದ್ದರೋ, ಯಾರನ್ನು ಕೇಳಿದರೂ “ಹೌದು, ನಮ್ಮೋರೇ” ಎಂದುಬಿಡುತ್ತಿದ್ದರು.

ಒಮ್ಮೆ ನಮ್ಮ ಅಂಗಡಿ ಮೇಲಿನ ಎರಡು ಕೋಣೆ ಖಾಲಿಯಾಯಿತು. ಹೈಸ್ಕೂಲಿಗೆ ಹೊಸದಾಗಿ ಬಂದ ಟೀಚರೊಬ್ಬರು ಬಾಡಿಗೆಗೆ ಕೇಳಿದರು. ನಮ್ಮದು ಬೆಳಿಗ್ಗೆ ವಿಭೂತಿ ಹಚ್ಚದೆ ಗಲ್ಲಾ ಪೆಟ್ಟಿಗೆ ಮುಟ್ಟದ ಮನೆ. ನಮ್ಮ ಅಮ್ಮ ನೇರವಾಗಿ ಟೀಚರನ್ನೇ ಕೇಳಲು ಸಂಕೋಚಪಟ್ಟು ಪಕ್ಕದ ಬಾಗಿಲಿಗೆ ಹೋದಳು.

“ಅಲ್ಲ ಮಾರಾಯ್ತಿ, ಆ ಟೀಚರು ನಮ್ಮೋರಾ?”

“ನಮ್ಮೋರೇ ಅಮ್ಮಾ. ಪಾಪದ ಹುಡುಗಿ. ಕೊಡಿ.”

ಅಮ್ಮ ಕೊಟ್ಟಳು. ಭಾನುವಾರ ಬೆಳಿಗ್ಗೆ ಟೀಚರು ತಲೆ ಮೇಲೆ ಸೆರಗು ಹೊದ್ದು, ಕೈಯಲ್ಲಿ ಕಪ್ಪು ರಟ್ಟಿನ ಪುಸ್ತಕ ಹಿಡಿದು ಚರ್ಚಿನ ಕಡೆ ಇಳಿದು ಹೋದರು. ಅಮ್ಮ ಬಾಗಿಲಲ್ಲಿ ನಿಂತವಳು ಹಾಗೆಯೇ ಪ್ರೆಸ್ಸಿಗೆ ನಡೆದಳು. ನಾನು ಹಿಂದೆಯೇ ಓಡಿದೆ, ಬಿ.ಪಿ. ಏರಿಬಿಟ್ಟರೆ ಎಂದು.

“ನಮ್ಮೋರು ಅಂದ್ಯಲ್ಲೇ!”

“ಹೌದು ಅಂದೆ.”

“ಅವ್ಳು ನಮ್ಮೋಳಾ?”

“ನೀವು ನನ್ನ ಹತ್ರ ಬಂದು ನಮ್ಮೋರಾ ಅಂತ ಕೇಳಿದ್ರಿ. ನಮ್ಮೋರೇ ಅಂದೆ. ನಿಮ್ಮೋರಾ ಅಂತ ಕೇಳಿದ್ರೆ ನಂಗೆ ಗೊತ್ತಿಲ್ಲ ಅಂತಿದ್ದೆ.”

ವ್ಯಾಕರಣದ ಪ್ರಕಾರ ಮಾತು ಸರಿಯಾಗಿಯೇ ಇತ್ತು. ಅಮ್ಮ ವಾಪಸು ಬಂದು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಟೀಚರು ನಾಲ್ಕು ವರ್ಷ ಇದ್ದರು. ಅಮ್ಮನ ಮೊಣಕಾಲಿಗೆ ಎಣ್ಣೆ ತಿಕ್ಕಿದರು, ಕಣ್ಣಿನ ಆಪರೇಷನ್ನಿಗೆ ಮೂಡಿಗೆರೆಗೆ ಜೊತೆಗೆ ಹೋದರು. ವರ್ಗವಾಗಿ ಹೊರಟ ದಿನ ಅಮ್ಮ ಅತ್ತಳು. ಅತ್ತು ಮುಗಿಸಿ, ಮೇಲೆ ಹೋಗಿ ಕೋಣೆಗಳಿಗೆ ಗಂಜಲ ಚಿಮುಕಿಸಿದಳು. ಎರಡನ್ನೂ ಮನಸಾರೆ ಮಾಡಿದಳು. ಇದನ್ನು ಹೇಳಿದಾಗ ಪ್ರೆಸ್ಸಕ್ಕ ನಗಲಿಲ್ಲ. “ಅತ್ತಿದ್ದು ಮೊದ್ಲಾ, ಗಂಜಲ ಮೊದ್ಲಾ?” ಎಂದು ಕೇಳಿದರು. ಅತ್ತಿದ್ದು ಮೊದಲು ಎಂದೆ. “ಹಾಗಾದ್ರೆ ಪರ್ವಾಗಿಲ್ಲ” ಎಂದರು.

ಸ್ಟಿಕ್ಕರಿನ ವಿಷಯ ಶುರುವಾಗಿದ್ದು ಈಗ ಎರಡು ವರ್ಷದ ಕೆಳಗೆ. ನಮ್ಮ ಸಾಲಿನ ಕೊನೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವವನು ಮೂವತ್ತೈದರ ಆಸುಪಾಸಿನ, ಉತ್ಸಾಹಿ, ಕಷ್ಟಕ್ಕೆ ಬರುವ ಮನುಷ್ಯ. ಮಳೆಯಲ್ಲಿ ನನ್ನ ಮಾಡಿನ ಶೀಟು ಹಾರಿದಾಗ ಏಣಿ ಹೊತ್ತುಕೊಂಡು ಬಂದವನು ಅವನೇ. ಎಲ್ಲೋ ಒಂದು ಸಭೆಗೆ ಹೋಗಿ ಬಂದವನು, ಒಂದು ಮಧ್ಯಾಹ್ನ ಇನ್ನಿಬ್ಬರನ್ನು ಕಟ್ಟಿಕೊಂಡು ಪ್ರೆಸ್ಸಿಗೆ ಬಂದ. ನಾನು ಅಲ್ಲೇ ನನ್ನ ಪುಡಿಯ ಪೊಟ್ಟಣದ ಲೇಬಲ್ಲಿನ ಪ್ರೂಫು ನೋಡುತ್ತ ಕೂತಿದ್ದೆ.

ಅವನ ಕೈಯಲ್ಲೊಂದು ಹಾಳೆ. ಮೇಲೆ ಒಂದು ಚಿತ್ರ, ಕೆಳಗೆ ದಪ್ಪಕ್ಷರದಲ್ಲಿ ‘ಇದು ನಮ್ಮವರ ಅಂಗಡಿ’, ಅದರ ಕೆಳಗೆ ಸಣ್ಣದಾಗಿ ‘ಸ್ವಾಬಿಮಾನಿ ವ್ಯಾಪಾರಿ’.

“ಅಕ್ಕ, ಇನ್ನೂರು ಸ್ಟಿಕ್ಕರ್ ಬೇಕು. ಸಾಲಿಗೆಲ್ಲ ಹಚ್ಚೋದು. ನಿಮ್ಗೂ ಒಂದು.”

ಪ್ರೆಸ್ಸಕ್ಕ ಕನ್ನಡಕ ಏರಿಸಿ ನೋಡಿದರು. ಮೊದಲು ಕೆಂಪು ಪೆನ್ನು ತೆಗೆದು ‘ಬಿ’ಯ ಹೊಟ್ಟೆ ಸೀಳಿದರು. ಆಮೇಲೆ ಕೇಳಿದರು.

“ನಮ್ಮವರು ಅಂದ್ರೆ ಯಾರು?”

“ಎಂಥ ಅಕ್ಕ, ಗೊತ್ತಿಲ್ದೋರ ಹಾಗೆ ಕೇಳ್ತೀರಿ!”

“ಅಲ್ಲ ಮಾರಾಯ, ಬಾಗಿಲ ಮೇಲೆ ಹಚ್ಚಿದ್ರೆ ಎಲ್ರೂ ಓದ್ತಾರೆ. ಮೆಣಸು ವ್ಯಾಪಾರದ ಸಾಹೇಬ್ರು ಓದ್ತಾರೆ, ‘ಓ, ನಮ್ಮೋರ್ದೇ’ ಅಂತ ಒಳಗೆ ಬರ್ತಾರೆ. ನಿಂಗೆ ಬೇಕಾದ್ದು ಅದಾ?”

ಜೊತೆಗೆ ಬಂದವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಹಾರ್ಡ್‌ವೇರಿನವನು ಅವನನ್ನು ನೋಡಿದ. ನಗು ನಿಂತಿತು.

“ಬೇಕಾದ್ದು ಅದಲ್ಲ ಅಂದ್ರೆ ಸರಿಯಾಗಿ ಬರಿ. ಇಂಥಿಂಥೋರು ಒಳಗೆ ಬರಬೇಡಿ ಅಂತ ಬರಿ. ಬರ್ದು ಕೆಳಗೆ ಸಹಿ ಹಾಕು. ನಾನು ತಂತಿಗೆ ಚುಚ್ಚಿ ಇಟ್ಕೊಳ್ತೇನೆ.”

“ಸಹಿ ಯಾಕಕ್ಕ?”

“ನಿನ್ನ ಮದ್ವೆ ಕಾರ್ಡಿಗೂ ನಿಮ್ಮಪ್ಪನ ಹತ್ರ ಸಹಿ ಹಾಕಿಸ್ಕೊಂಡಿದ್ದೆ.”

ಪೆನ್ನು ಅವನ ಮುಂದೆ ಚಾಚಿಯೇ ಇದ್ದರು. ಅವನು ಪೆನ್ನನ್ನೂ, ನನ್ನನ್ನೂ ನೋಡಿದ. ನಾನು ಲೇಬಲ್ಲಿನಲ್ಲಿ ‘ನಿವ್ವಳ ತೂಕ’ ಎಂಬುದನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದೆ. “ಆಯ್ತಕ್ಕ, ಬಿಡಿ” ಎಂದು ಹಾಳೆ ಎತ್ತಿಕೊಂಡು ಹೋದ.

ಹೋದ ಮೇಲೆ ನಾನು ಬಾಯಿ ಬಿಟ್ಟೆ. ಅಪಾಯ ಬಾಗಿಲು ದಾಟಿದ ಮೇಲೆ ನನಗೆ ಮಾತು ಚೆನ್ನಾಗಿ ಬರುತ್ತದೆ.

“ಅಕ್ಕ, ಜಾತಿ ಸಮಾವೇಶದ ಕಾರ್ಡು ಹೊಡೀತೀರಿ. ಮೊನ್ನೆ ನಮ್ಮ ಸಮಾಜದ್ದೂ ಹೊಡೆದ್ರಿ. ಇದೊಂದು ಬೇಡ ಅಂದ್ರೆ ಹೇಗೆ? ಸುಮ್ನೆ ಎದುರು ಹಾಕ್ಕೊಳ್ಳೋದು ಯಾಕೆ?”

“ಅದು ಕರೆಯೋದು ಮಾರಾಯ. ಅವ್ರವ್ರು ಅವ್ರವ್ರನ್ನ ಕರ್ಕೊಳ್ತಾರೆ, ಊಟ ಹಾಕ್ತಾರೆ, ಕಳಿಸ್ತಾರೆ. ನಾನು ಇಷ್ಟು ವರ್ಷ ಒತ್ತಿದ್ದೆಲ್ಲ ‘ಬನ್ನಿ’ ಅಂತ್ಲೇ. ಮದ್ವೆಗೆ ಬನ್ನಿ, ತಿಥಿಗೆ ಬನ್ನಿ, ಉರೂಸಿಗೆ ಬನ್ನಿ. ‘ಬರಬೇಡಿ’ ಅಂತ ಒತ್ತೋಕೆ ನನ್ನ ಹತ್ರ ಮೊಳೆ ಇಲ್ಲ.”

ಆ ಹೊತ್ತಿಗೆ ಅವರ ಬಳಿ ಮೊಳೆಗಳು ಹೇಗೂ ಇರಲಿಲ್ಲ. ಕಂಪ್ಯೂಟರ್ ಬಂದು ಸೀಸವೆಲ್ಲ ಗುಜರಿಗೆ ಹೋಗಿ ವರ್ಷಗಳಾಗಿದ್ದವು. ಅದನ್ನು ನೆನಪಿಸಬೇಕೆನಿಸಿತು. ಲೇಬಲ್ಲಿನ ಪ್ರೂಫು ಎತ್ತಿಕೊಂಡು ಅಂಗಡಿಗೆ ಬಂದೆ.

ಸ್ಟಿಕ್ಕರು ಮೂರೇ ದಿನಕ್ಕೆ ಬೇರೆ ಊರಿನಿಂದ ಅಚ್ಚಾಗಿ ಬಂತು. ಸಹಿ ಯಾರೂ ಕೇಳಿರಲಿಲ್ಲ, ‘ಬಿ’ಯ ಹೊಟ್ಟೆಯನ್ನೂ ಯಾರೂ ಸೀಳಿರಲಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಹಾರ್ಡ್‌ವೇರಿನವನು ಸಾಲಿನ ಆ ತುದಿಯಿಂದ ಹಚ್ಚುತ್ತ ಬಂದ. ಪ್ರತಿ ಅಂಗಡಿಯ ಮುಂದೆ ನಗು, ಹೆಗಲ ಮೇಲೆ ಕೈ. ಏನು ಹೇಳಬೇಕೆಂದು ಮನಸ್ಸಿನಲ್ಲೇ ಮೂರು ವಾಕ್ಯ ಸಿದ್ಧಮಾಡಿಕೊಂಡೆ. ಒಂದರಲ್ಲೂ ‘ಬಹುಶಃ’ ಇರಲಿಲ್ಲ.

“ಅಣ್ಣ, ನಿಮ್ದು ಎಲ್ಲಿ ಹಾಕಣ?”

ನಾನು ಬಾಗಿಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದೆ. ಅವನು ಗಾಜಿನ ಬಾಗಿಲಿನಲ್ಲಿ, ‘ತಾಜಾ ಕಾಫಿ ಪುಡಿ’ಯ ಕೆಳಗೆ ಸೊಂಟದ ಎತ್ತರಕ್ಕೆ ಅಂಟಿಸಿದ. ಸ್ವಲ್ಪ ಎಡಕ್ಕೆ ವಾಲಿತು. ವಾಲಿದ್ದು ನೋಡಿದರೆ ನನಗೆ ಆಗದು.

“ಸೊಟ್ಟ ಆಯ್ತು” ಎಂದೆ.

“ಹೌದಾ?” ಎಂದು ಅರ್ಧ ಕಿತ್ತು, “ಹಿಡ್ಕಳಿ ಅಣ್ಣ” ಎಂದ. ನಾನು ಬಲಮೂಲೆ ಹಿಡಿದೆ. ಇಬ್ಬರೂ ಸೇರಿ ಸರಿಯಾಗಿ ಕೂರಿಸಿದೆವು. ಒಳಗೆ ಗುಳ್ಳೆ ಉಳಿದಿತ್ತು. ಅದನ್ನೂ ನಾನೇ ಹೆಬ್ಬೆರಳಿನಿಂದ ಒತ್ತಿ ಅಂಚಿಗೆ ತಂದು ಹೊರಡಿಸಿದೆ. ನನ್ನ ಪ್ರತಿಭಟನೆ ಅಲ್ಲಿಗೆ ಮುಗಿಯಿತು.

ಆ ವಾರ ಪ್ರೆಸ್ಸಕ್ಕ ಪುಡಿ ತೆಗೆದುಕೊಳ್ಳಲು ಬಂದರು. ಬಾಗಿಲ ಹೊರಗೆ ನಿಂತರು. ಓದಿದರು. ಒಳಗೆ ಬರಲಿಲ್ಲ.

“ನಾನು ಬರಬಹುದಾ ಮಾರಾಯ?”

“ಎಂಥ ತಮಾಷೆ ಅಕ್ಕ!”

“ತಮಾಷೆ ಅಲ್ಲ. ಬರ್ದಿದೆ, ಅದಕ್ಕೆ ಕೇಳ್ದೆ.”

“ಬನ್ನಿ ಅಕ್ಕ.”

ಬಂದರು. ಎಂದಿನ ಹಾಗೆ ಚಿಕೋರಿ ಕಡಿಮೆ ಹಾಕು ಎಂದರು, ಬಾಳೂರಿನ ಕಡೆ ಕಾಫಿ ಕುಯ್ಲು ಹೇಗೆ ಎಂದು ಕೇಳಿದರು. ಮುಂದಿನ ವಾರವೂ ಬಾಗಿಲಲ್ಲಿ ನಿಂತು ಕೇಳಿದರು. ಅದರ ಮುಂದಿನ ವಾರವೂ. ಬೈದಿದ್ದರೆ ಒಂದು ಸಲ ಬೈಸಿಕೊಂಡು ಮುಗಿಸುತ್ತಿದ್ದೆ. ‘ತೆಗಿ’ ಎಂದು ಒಂದು ಮಾತು ಅವರು ಹೇಳಲಿಲ್ಲ. ಹೇಳಿದ್ದರೆ ಅವರ ಮೇಲೆ ಹಾಕಿ ತೆಗೆಯಬಹುದಿತ್ತೇನೋ. ಅದು ಅವರಿಗೂ ಗೊತ್ತಿತ್ತು ಎಂದು ಕಾಣುತ್ತದೆ.

ಮೆಣಸಿನ ಸಾಹೇಬರು ನಮ್ಮಪ್ಪನ ಕಾಲದ ಗಿರಾಕಿ. ಅಂಗಡಿಯೊಳಗೆ ಬಂದು, ಸ್ಟೂಲು ಎಳೆದುಕೊಂಡು, ಪುಡಿಯ ದುಡ್ಡಿನ ಜೊತೆ ಅರ್ಧ ಗಂಟೆ ಮೆಣಸಿನ ರೇಟಿನ ಬೈಗುಳವನ್ನೂ ಕೊಡುವವರು. ಸ್ಟಿಕ್ಕರು ಬಂದ ಮೇಲೆ ರಸ್ತೆಯಲ್ಲೇ ನಿಂತು, “ಅರ್ಧ ಕೆ.ಜಿ. ಪುಡಿ ಕೊಡಿ” ಎಂದು ಕೂಗಿದರು. ಒಳಗೆ ಬನ್ನಿ ಎಂದೆ. “ಬೇಡ, ಕಾಲಲ್ಲಿ ಕೆಸರಿದೆ” ಎಂದರು. ಫೆಬ್ರವರಿ ತಿಂಗಳು. ರಸ್ತೆಯಲ್ಲಿ ಒಣ ಕೆಂಪು ಧೂಳು. ನಾನು ಪೊಟ್ಟಣ ಹಿಡಿದು ಹೊರಗೆ ಇಳಿದೆ. ಅವರ ಬಿಳಿ ಚಪ್ಪಲಿಯನ್ನು ಇಬ್ಬರೂ ಒಂದು ಕ್ಷಣ ನೋಡಿದೆವು. ಆಮೇಲೆ ಅವರು ಬರುವುದು ನಿಂತಿತು.

ಅವರ ಕಡೆಯಿಂದಲೂ ಒಬ್ಬ ಪ್ರೆಸ್ಸಿಗೆ ಬಂದ. ಸಾಹೇಬರ ತಮ್ಮನ ಮಗ, ಜೀಪು ನಿಲ್ಲುವ ಜಾಗದ ಆಚೆ ಮೊಬೈಲ್ ಅಂಗಡಿ ಇಟ್ಟಿರುವವನು. ‘ಸ್ವಾಬಿಮಾನಿಗಳಾಗಿ ನಮ್ಮವರ ಅಂಗಡಿಗಳಲ್ಲೇ ವ್ಯಾಪಾರ ಮಾಡೋಣ’ ಎಂಬ ಕರಪತ್ರ ಬೇಕಿತ್ತು ಅವನಿಗೆ. ಪ್ರೆಸ್ಸಕ್ಕ ಅವನ ಮುಂದೆಯೂ ಪೆನ್ನು ಚಾಚಿದರು. ಅವನೂ ಸಹಿ ಹಾಕಲಿಲ್ಲ. ಸಂಜೆ ನನಗೆ ಹೇಳಿದರು. “ನೋಡು ಮಾರಾಯ, ಇವ್ನೂ ಸ್ವಾಭಿಮಾನಕ್ಕೆ ಹೊಟ್ಟೆ ಸೀಳಿಲ್ಲ. ಎರಡು ಕಡೆಯೋರ್ಗೂ ಒಬ್ಬನೇ ಮೇಷ್ಟ್ರು ಪಾಠ ಮಾಡಿರ್ಬೇಕು.” ಆ ದಿನ ನಕ್ಕೆವು. ಜೊತೆಗೆ ನಕ್ಕಿದ್ದರಲ್ಲಿ ಅದೇ ಹೆಚ್ಚುಕಡಿಮೆ ಕೊನೆಯದು.

ಸಾಲಿನಲ್ಲಿ ಸ್ಟಿಕ್ಕರಿಲ್ಲದ ಬಾಗಿಲು ಅವರದೊಂದೇ. ಇದ್ದದ್ದಕ್ಕಿಂತ ಇಲ್ಲದ್ದು ಹೆಚ್ಚು ಕಾಣುತ್ತದೆ. ಬಸ್ಸಿನಿಂದ ಇಳಿದವರು ಕೇಳತೊಡಗಿದರು, “ಪ್ರೆಸ್ಸಮ್ಮ ನಮ್ಮೋರಲ್ವಾ?” ಸಾಹೇಬರ ಕಡೆಯವರು, ನಮ್ಮ ಕರಪತ್ರ ಒತ್ತಲಿಲ್ಲ, ಆದ್ದರಿಂದ ಸ್ಟಿಕ್ಕರಿನವರ ಪೈಕಿಯೇ ಎಂದರು. ಯಾರೂ ಜಗಳಕ್ಕೆ ಬರಲಿಲ್ಲ, ಕಲ್ಲೆಸೆಯಲಿಲ್ಲ. ಕಾರ್ಡು ಕೊಡಲಿಲ್ಲ, ಅಷ್ಟೆ. ಮಾಘದ ಮದುವೆಗಳು ಬಂದವು, ಪ್ರೆಸ್ಸಿನ ಮುಂದೆ ಜೀಪು ನಿಲ್ಲಲಿಲ್ಲ. ಈಚೆಗೆ ಎಲ್ಲರೂ ಫೋನಿನಲ್ಲೇ ಕರೆಯುತ್ತಾರೆ, ಅದೂ ಕಾರಣವಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ಅಣ್ಣನ ಮಗಳ ಮದುವೆ ನಿಶ್ಚಯವಾದಾಗ ಮನೆಯಲ್ಲಿ ನಾನೇ ಹೇಳಿದೆ, ಕಾರ್ಡು ಪಕ್ಕದಲ್ಲೇ ಮಾಡಿಸೋಣ ಎಂದು. ಅಣ್ಣ ವಸ್ತಾರೆಯಲ್ಲಿರುವವನು, ಎಲ್ಲಾ ಕಡೆ ವ್ಯವಹಾರ ಇಟ್ಟುಕೊಂಡವನು. “ಈಗ ಬೇಡ, ಬೀಗರ ಕಡೆಯೋರು ಹೇಗೋ ಏನೋ” ಎಂದ. ನಾನು ಇನ್ನೊಂದು ಸಲ ಹೇಳಲಿಲ್ಲ. ಕಾರ್ಡು ಚಿಕ್ಕಮಗಳೂರಿನಲ್ಲಾಯಿತು. ಅದನ್ನು ಪ್ರೆಸ್ಸಕ್ಕನಿಗೆ ಕೊಡಲು ಹೋದಾಗ ಅವರು ಹಾಳೆಯನ್ನು ಬೆಳಕಿಗೆ ಹಿಡಿದು ಮುಟ್ಟಿ ನೋಡಿ, “ಒಳ್ಳೆ ಕಾಗದ. ತಪ್ಪೇನೂ ಇಲ್ಲ” ಎಂದರು. ಕಾಗುಣಿತದ್ದು ಹೇಳಿದರು.

ಒಂದು ದಿನ ಧೈರ್ಯಮಾಡಿ, ಅಂದರೆ ನನ್ನ ಜಾತಿಯ ಧೈರ್ಯ ಮಾಡಿ, ಅಂಟಿಸದೆ ಉಳಿದಿದ್ದ ಒಂದು ಸ್ಟಿಕ್ಕರನ್ನು ಹಿಡಿದು ಅವರ ಬಳಿಗೇ ಹೋದೆ.

“ಅಕ್ಕ, ಇದೊಂದು ಮೂಲೆಗೆ ಅಂಟಿಸ್ಕೊಂಡ್ರೆ ಎಲ್ಲಾ ಸರಿಹೋಗ್ತದೆ. ಏನಾಗ್ತದೆ ಹೇಳಿ? ಏನೂ ಆಗಲ್ಲ.”

“ಏನೂ ಆಗಲ್ಲ ಅಂದ್ರೆ ಯಾಕೆ ಅಂಟಿಸ್ಬೇಕು?”

“ಜನ…”

“ಜನ ಏನಂತಾರೆ ಅಂತ ಹೇಳ್ಬೇಡ. ನಿಂಗೆ ಹೆದರಿಕೆ ಆಗ್ತದೆ ಅಂತ ಹೇಳು. ಅದು ನಿಜ, ಅದಕ್ಕೆ ನಾನು ಬೈಯಲ್ಲ.”

“ಹೆದರಿಕೆ ಆಗ್ತದೆ ಅಕ್ಕ.”

“ನಂಗೂ ಆಗ್ತದೆ” ಎಂದರು. ಇದು ನನಗೆ ಗೊತ್ತಿರಲಿಲ್ಲ. “ಬೆಳಿಗ್ಗೆ ಬಾಗಿಲು ತೆಗೆಯೋ ಮೊದ್ಲು ರಸ್ತೆಯ ಎರಡೂ ಕಡೆ ನೋಡ್ತೇನೆ. ಯಾರೂ ಏನೂ ಮಾಡಲ್ಲ ಅಂತ ಗೊತ್ತು. ಆದ್ರೂ ನೋಡ್ತೇನೆ. ನಿಮ್ಮೆಲ್ಲರ ಮದ್ವೆ, ನಿಮ್ಮಪ್ಪಂದಿರ ತಿಥಿ ಈ ಕೈಯಲ್ಲೇ ಒತ್ತಿದ್ದು. ಈಗ ನಿಮ್ಗೇ ಹೆದರ್ಬೇಕಲ್ಲ ಅಂತ ನಾಚ್ಕೆ ಆಗ್ತದೆ ಮಾರಾಯ.”

ನಾನು ಸ್ಟಿಕ್ಕರನ್ನು ಜೇಬಿಗೆ ಹಾಕಿಕೊಂಡು ವಾಪಸು ಬಂದೆ. ಆ ಮಳೆಗಾಲದಲ್ಲಿ ನನ್ನ ಬಾಗಿಲಿನದು ತಾನಾಗಿಯೇ ಕಿತ್ತುಬಿದ್ದೀತು ಎಂದು ಲೆಕ್ಕ ಹಾಕಿದ್ದೆ. ಬಾಗಿಲಿಗೆ ಸೋರುವ ಹಾಗೆ ಮಾಡಿನ ನೀರು ಹರಿಯುವ ದಂಬೆಯನ್ನು ಒಂಚೂರು ಓರೆಯೂ ಮಾಡಿದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಕಡೆಯ ಮಳೆ ಅದರ ಮೇಲೆ ಸುರಿಯಿತು. ಬಾಗಿಲಿನ ಮರದ ಚೌಕಟ್ಟು ಉಬ್ಬಿತು, ಚಿಲಕ ತುಕ್ಕು ಹಿಡಿಯಿತು, ಹೊಸ್ತಿಲಿಗೆ ಪಾಚಿ ಬಂತು. ಸ್ಟಿಕ್ಕರಿಗೆ ಏನೂ ಆಗಲಿಲ್ಲ. ಒಳ್ಳೆಯ ಕಡೆ ಮಾಡಿಸಿದ್ದರು.

ದೀಪಾವಳಿ ಕಳೆದ ಮೇಲೆ ಪ್ರೆಸ್ಸಕ್ಕ ಅಚ್ಚಿನ ಯಂತ್ರ ಕೊಟ್ಟುಬಿಟ್ಟರು. ಪಿಕಪ್ಪಿಗೆ ಏರಿಸಲು ಆರು ಜನ ಬೇಕಾಯಿತು. ಅವರು ಖಾಲಿ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುವುದನ್ನು ಬಿಡಲಿಲ್ಲ. ಯಾರಾದರೂ ಅರ್ಜಿ ಬರೆಸಿಕೊಳ್ಳಲು ಬಂದರೆ ಬರೆದುಕೊಡುತ್ತಿದ್ದರು. ವಾರಕ್ಕೊಮ್ಮೆ ನನ್ನ ಬಾಗಿಲಿಗೆ ಬಂದು “ಬರಬಹುದಾ?” ಎನ್ನುತ್ತಿದ್ದರು. ದನಿ ದಿನೇ ದಿನೇ ಇಳಿಯುತ್ತಿತ್ತು. ಕೊನೆಗೆ ಕೇಳುತ್ತಿರಲಿಲ್ಲ, ನಿಂತು ನನ್ನ ಮುಖ ನೋಡುತ್ತಿದ್ದರು. ನಾನು “ಬನ್ನಿ” ಎನ್ನುತ್ತಿದ್ದೆ. ದಿನಕ್ಕೆ ನೂರು ಜನಕ್ಕೆ ಹೇಳುವ ಮಾತು ಅದು. ಅವರಿಗೆ ಹೇಳುವಾಗ ಮಾತ್ರ ಪುಡಿಯ ಡಬ್ಬಿ ನೋಡುತ್ತ ಹೇಳುತ್ತಿದ್ದೆ.

ಈ ಸಲದ ಬೇಸಗೆಯಲ್ಲಿ, ಮಧ್ಯಾಹ್ನ ಊಟ ಮಾಡಿ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಮೊದಲು ನೋಡಿದವನು ಹಾರ್ಡ್‌ವೇರಿನವನು. ಅವನೇ ಓಡಿ ಜೀಪು ತಂದ, ಅವನೇ ಎತ್ತಿಕೊಂಡ, ಆಸ್ಪತ್ರೆಯಲ್ಲಿ ಆಗಲೇ ಹೋಗಿದ್ದಾರೆ ಎಂದಾಗ ಗೋಡೆಗೆ ತಲೆ ಕೊಟ್ಟು ಗೊಳೋ ಎಂದು ಅತ್ತವನೂ ಅವನೇ. “ನನ್ನ ಮದ್ವೆ ಕಾರ್ಡು ಅಕ್ಕನೇ ಒತ್ತಿದ್ದು ಅಣ್ಣ” ಎಂದು ನನ್ನ ಕೈ ಹಿಡಿದು ಹೇಳಿದ. ಅವನ ಅಳು ಸುಳ್ಳಲ್ಲ. ಸುಳ್ಳಾಗಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು.

ಸಾಲಿನ ಅಂಗಡಿಯವರು ಯಾರಾದರೂ ತೀರಿಕೊಂಡರೆ, ಹೆಣ ದಾಟುವವರೆಗೆ ಶಟರ್ ಅರ್ಧ ಇಳಿಸುವುದು ನಮ್ಮ ಪೇಟೆಯ ಪದ್ಧತಿ. ಮಾರನೆಯ ದಿನ ಬೆಳಿಗ್ಗೆ ಎಲ್ಲರೂ ಇಳಿಸಿದರು. ಮೊಬೈಲ್ ಅಂಗಡಿಯವನೂ ಇಳಿಸಿದ, ಮೆಣಸಿನ ಸಾಹೇಬರು ಎದುರುಗಡೆ ಟೋಪಿ ಸರಿಮಾಡಿಕೊಂಡು ನಿಂತಿದ್ದರು. ನಾನೂ ಅರ್ಧ ಇಳಿಸಿ ಹೊರಗೆ ನಿಂತೆ. ತಿರುಗಿ ನೋಡಿದರೆ, ಶಟರಿನ ಅಂಚಿನ ಕೆಳಗೆ, ಸೊಂಟದ ಎತ್ತರಕ್ಕೆ, ಸ್ಟಿಕ್ಕರು ಪೂರ್ತಿ ಕಾಣುತ್ತಿತ್ತು. ಶಟರು ಅದಕ್ಕೆ ಚೌಕಟ್ಟು ಹಾಕಿದ ಹಾಗಿತ್ತು.

ಗಾಡಿ ತಿರುವಿನಲ್ಲಿ ಕಾಣಿಸಿತು. ಕೀಳಲು ಹೊತ್ತಿರಲಿಲ್ಲ. ಹೊತ್ತಿದ್ದಿದ್ದರೂ ಕೀಳುತ್ತಿದ್ದೆನೇ ಎಂದು ಕೇಳಬೇಡಿ. ನಾನು ಕೊಕ್ಕೆ ಹಿಡಿದು ಶಟರನ್ನು ನೆಲಕ್ಕೆ ತಾಗುವ ಹಾಗೆ ಎಳೆದೆ. ದಡಾರ್ ಎಂದು ಸದ್ದಾಯಿತು. ಸಾಲೆಲ್ಲ ತಿರುಗಿ ನೋಡಿತು. ನಾನು ತಲೆ ತಗ್ಗಿಸಿ ನಿಂತೆ. ಗಾಡಿ ಹೋಯಿತು.

ಸಂಜೆ ಹಾರ್ಡ್‌ವೇರಿನವನು ಬಂದು ನನ್ನ ಬೆನ್ನು ಸವರಿದ. “ನಾವೆಲ್ಲ ಅರ್ಧ ಹಾಕಿದ್ವಿ ಅಣ್ಣ. ನೀವು ಪೂರ್ತಿ ಹಾಕಿದ್ರಿ. ಅಕ್ಕಂಗೆ ಮರ್ಯಾದೆ ಅಂದ್ರೆ ನಿಮ್ದು.” ಪೇಟೆಯಲ್ಲಿ ಇದು ಎರಡು ದಿನ ಮಾತಾಯಿತು. ಮೆಣಸಿನ ಸಾಹೇಬರೂ ದೂರದಿಂದ ಎದೆಯ ಮೇಲೆ ಕೈಯಿಟ್ಟು ತಲೆಯಾಡಿಸಿದರು. ಯಾರಿಗೂ ನಾನು ಕಾರಣ ಹೇಳಲಿಲ್ಲ.

ಮೂರನೆಯ ದಿನ ಬೇಗ ಅಂಗಡಿಗೆ ಬಂದೆ. ಶಟರು ಎತ್ತಿದೆ. ರಸ್ತೆಯಲ್ಲಿ ಯಾರೂ ಇರಲಿಲ್ಲ. ಬಾಗಿಲ ಮುಂದೆ ಮಂಡಿಯೂರಿ, ಸ್ಟಿಕ್ಕರಿನ ಕೆಳಮೂಲೆಗೆ ಉಗುರು ಹಾಕಿದೆ. ಹಾಕಿದ ಕೂಡಲೇ ಎದ್ದಿತು, ಕಾಲು ಇಂಚು, ಅರ್ಧ ಇಂಚು. ಇಷ್ಟು ಸುಲಭ ಎಂದು ಗೊತ್ತಿರಲಿಲ್ಲ.

“ಎಂಥ ಮಾಡ್ತಿದೀರಿ ಅಣ್ಣ, ಇಷ್ಟು ಬೇಗ?”

ಹಾರ್ಡ್‌ವೇರಿನವನು ಹಾಲಿನ ಪ್ಯಾಕೆಟ್ಟು ಹಿಡಿದು ಹಿಂದೆ ನಿಂತಿದ್ದ. ಮುಖದಲ್ಲಿ ಸಂಶಯವೇನೂ ಇರಲಿಲ್ಲ, ಪ್ರೀತಿಯೇ ಇತ್ತು.

“ಧೂಳು ಕೂತಿತ್ತು” ಎಂದೆ. “ಒರೆಸ್ತಿದೀನಿ.”

ಅವನು ಹೋಗಲಿಲ್ಲ. ನಿಂತು ನೋಡುತ್ತಿದ್ದ. ನಾನು ಒಳಗಿನಿಂದ ಒದ್ದೆ ಬಟ್ಟೆ ತಂದೆ. ಎದ್ದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದೆ. ಚಿತ್ರವನ್ನು ಒರೆಸಿದೆ, ದಪ್ಪಕ್ಷರಗಳನ್ನು ಒರೆಸಿದೆ, ಸಣ್ಣ ಅಕ್ಷರಗಳನ್ನು ಒರೆಸಿದೆ. ಆಮೇಲೆ ಒಣ ಬಟ್ಟೆಯಲ್ಲಿ ಇನ್ನೊಂದು ಸಲ.

ಈಗ ಇಡೀ ಸಾಲಿನಲ್ಲಿ ಫಳಫಳ ಹೊಳೆಯುವ ಸ್ಟಿಕ್ಕರು ನನ್ನದೇ.